ಔಷಧದ ನಂತರ ಅಭಯ: ತ್ರಿವೇಣಿಯವರ ‘ಶರಪಂಜರ’ದ ಒಂದು ಪರಿಶೀಲನೆ

ರೋಗ ವಾಸಿಯಾಗಿ ರೋಗಿ ಮನೆಗೆ ಮರಳಿದೊಡನೆ ಕಷ್ಟ ಕಳೆಯಿತೆಂದು ಲೋಕ ಭಾವಿಸುತ್ತದೆ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ನಾಯಕಿ ಕಾವೇರಿಯ ನಿಜವಾದ ಕಷ್ಟ ಆರಂಭವಾಗುವುದು ಆ ಹೊಸ್ತಿಲನ್ನು ದಾಟಿದ ಮೇಲೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಶ್ರಾವಕಧರ್ಮದ ಅಂಗವೆಂದು ನಂಬಿದ ಓದುಗರಿಗೆ ಈ ಕೃತಿ ಕೇಳುವ ಪ್ರಶ್ನೆ ನೇರವಾದುದು. ಔಷಧ ದೊರೆತವರಿಗೆ ಅಭಯವನ್ನು ಕೊಡಬೇಕಾದವರು ಯಾರು?

ತ್ರಿವೇಣಿ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಅನಸೂಯಾ ಶಂಕರ ಅವರು 1928ರಲ್ಲಿ ಜನಿಸಿ, 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅಲ್ಪಾವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದರು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದ್ದ ಅವರು, ಆ ಶಾಸ್ತ್ರದ ತಿಳಿವನ್ನು ಮಧ್ಯಮವರ್ಗದ ಅಡುಗೆಮನೆ, ಪಡಸಾಲೆಗಳೊಳಗೆ ತಂದು ನಿಲ್ಲಿಸಿದವರಲ್ಲಿ ಮೊದಲಿಗರು. ಅವರು ಬಾಳಿದ ಮನೆ ಮೈಸೂರಿನ ಚಾಮರಾಜಪುರಂನಲ್ಲಿದೆ. ಅದನ್ನು ಅವರ ಸ್ಮಾರಕವಾಗಿ ಉಳಿಸುವ ಕಾರ್ಯವನ್ನು ಈಚಿನ ವರ್ಷಗಳಲ್ಲಿ ಕುಟುಂಬದವರೇ ಕೈಗೊಂಡರು. ಉಬ್ಬಸದಿಂದ ನರಳಿದ, ಗರ್ಭಪಾತಗಳ ನೋವನ್ನುಂಡ, ಕೊನೆಗೆ ಹೆರಿಗೆಯಾದ ಕೆಲವೇ ದಿನಗಳಲ್ಲಿ ಪ್ರಾಣ ಬಿಟ್ಟ ಈ ಲೇಖಕಿಗೆ ರೋಗವೆಂಬುದು ಕೇವಲ ಕಥಾವಸ್ತುವಾಗಿರಲಿಲ್ಲ. ಆದರೂ ಅವರ ಬರಹದಲ್ಲಿ ಸ್ವಾನುಕಂಪದ ಸೋಂಕಿಲ್ಲ ಎಂಬುದು ಗಮನಾರ್ಹ.

ಕಾವೇರಿ ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಗೃಹಿಣಿ. ಹೆರಿಗೆಯ ನಂತರ ಆಕೆಯ ಬುದ್ಧಿ ಕದಡುತ್ತದೆ. ಆ ಸ್ಥಿತಿಯಲ್ಲಿ, ಮದುವೆಗೆ ಮುಂಚಿನ ದಿನಗಳಲ್ಲಿ ನಡೆದು ಮನಸ್ಸಿನ ತಳದಲ್ಲಿ ಹುದುಗಿದ್ದ ಒಂದು ಪ್ರಸಂಗ ಆಕೆಯ ಬಾಯಿಂದ ಹೊರಬೀಳುತ್ತದೆ. ಆಸ್ಪತ್ರೆಯ ಚಿಕಿತ್ಸೆಯಿಂದ ಆಕೆ ಗುಣ ಹೊಂದುತ್ತಾಳೆ. ಮನೆಗೆ ಬಂದವಳನ್ನು ಗಂಡ ಸತೀಶ ದೂರವಿರಿಸುತ್ತಾನೆ, ಅಕ್ಕಪಕ್ಕದವರು ಅಂಜುತ್ತಾರೆ. ಆಕೆ ನಕ್ಕರೆ ಅದು ಹುಚ್ಚಿನ ನಗು, ಅತ್ತರೆ ಹುಚ್ಚಿನ ಅಳು, ಸಿಟ್ಟಾದರೆ ರೋಗ ಮರುಕಳಿಸಿತೆಂಬುದಕ್ಕೆ ಸಾಕ್ಷಿ. ಕಡೆಗೆ ಆಕೆ ಮತ್ತೆ ಅದೇ ಕತ್ತಲಿಗೆ ಜಾರುತ್ತಾಳೆ. ಬಾಣಗಳ ಪಂಜರವೆಂಬ ಹೆಸರಿನ ಸಾರ್ಥಕ್ಯ ಇಲ್ಲಿದೆ. ಈ ಪಂಜರಕ್ಕೆ ಕಬ್ಬಿಣದ ಸರಳುಗಳಿಲ್ಲ. ನೋಟ, ಪಿಸುಮಾತು, ಅರ್ಧಕ್ಕೆ ನಿಲ್ಲಿಸಿದ ವಾಕ್ಯ ಇವೇ ಅದರ ಸರಳುಗಳು.

ಹಳೆಯ ತಲೆಮಾರು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದ ಈ ವ್ಯಾಧಿ ಕಲ್ಪನೆಯದಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುಮಟ್ಟಿಗೆ ಮೊದಲ ಕೆಲವು ವಾರಗಳಲ್ಲಿಯೇ ಇದು ತಲೆದೋರುತ್ತದೆಂದು ವೈದ್ಯರು ಹೇಳುತ್ತಾರೆ. ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯವಿರುವುದರಿಂದ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ತಕ್ಕ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಗುಣಮುಖರಾಗುತ್ತಾರೆ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ 2009ರಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವೂ ತೆರೆಯಿತು. ಮಗುವಿನಿಂದ ಅಗಲಿಸುವುದೇ ತಾಯಿಗೆ ಇನ್ನೊಂದು ಪೆಟ್ಟು ಎಂಬ ಅರಿವು ಆ ಏರ್ಪಾಡಿನ ಹಿಂದಿದೆ.

ಜೈನ ಆಚಾರಗ್ರಂಥಗಳ ಪರಿಚಯವುಳ್ಳವರು ಈ ಕಾದಂಬರಿಯನ್ನು ಓದುವಾಗ ಸಮ್ಯಗ್ದರ್ಶನದ ಎಂಟು ಅಂಗಗಳು ನೆನಪಿಗೆ ಬರುವುದು ಸಹಜ. ಅವುಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ರೋಗದಿಂದ ವಿಕಾರಗೊಂಡ ದೇಹವನ್ನು ಕಂಡು ಅಸಹ್ಯಪಡದೆ, ಅದರೊಳಗಿನ ಗುಣವನ್ನು ಪ್ರೀತಿಸುವುದೇ ಅದರ ಲಕ್ಷಣ. ಇದಕ್ಕೆ ಹೇಳುವ ದೃಷ್ಟಾಂತ ಉದ್ದಾಯನ ಮಹಾರಾಜನದು. ಆತನನ್ನು ಪರೀಕ್ಷಿಸಲು ದೇವನೊಬ್ಬ ಕುಷ್ಠಪೀಡಿತ ಮುನಿಯ ವೇಷದಲ್ಲಿ ಬಂದು, ನೀಡಿದ ಆಹಾರವನ್ನೆಲ್ಲ ಉಂಡು, ಅಲ್ಲಿಯೇ ವಮನ ಮಾಡಿದನು. ಪರಿಜನರು ದುರ್ಗಂಧ ತಾಳದೆ ಓಡಿದರು. ರಾಜನೂ ರಾಣಿಯೂ ನಿಂತಲ್ಲಿಂದ ಕದಲಲಿಲ್ಲ. ತಾನು ನೀಡಿದ ಆಹಾರದಲ್ಲಿಯೇ ದೋಷವಿತ್ತೇನೋ ಎಂದು ರಾಜ ಪರಿತಪಿಸಿದನು. ದೋಷವನ್ನು ರೋಗಿಯಲ್ಲಿ ಹುಡುಕದೆ ತನ್ನ ಉಪಚಾರದಲ್ಲಿ ಹುಡುಕಿದ್ದು ಈ ಕಥೆಯ ತಿರುಳು. ಸತೀಶನ ಮನೆಯಲ್ಲಿ ನಡೆಯುವುದು ಇದರ ವಿಲೋಮ. ಅಲ್ಲಿ ಪ್ರತಿಯೊಬ್ಬರೂ ಕಾವೇರಿಯನ್ನು ಪರೀಕ್ಷಿಸುತ್ತಾರೆ. ತಮ್ಮ ಉಪಚಾರವನ್ನು ಪರೀಕ್ಷಿಸಿಕೊಳ್ಳುವವರು ಒಬ್ಬರೂ ಇಲ್ಲ.

ಇನ್ನೊಂದು ಅಂಶ ಇದಕ್ಕಿಂತ ಸೂಕ್ಷ್ಮ. ಪ್ರಜ್ಞೆ ಕದಡಿದಾಗ ಕಾವೇರಿ ಆಡಿದ ಮಾತು ಆಕೆಯ ವಿರುದ್ಧವೇ ಸಾಕ್ಷ್ಯವಾಗುತ್ತದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ‘ರಹೋಭ್ಯಾಖ್ಯಾನ’ವನ್ನೂ ಸೇರಿಸಿದೆ. ಪರರ ರಹಸ್ಯವನ್ನು ಬಯಲಿಗೆಳೆಯುವುದು, ಅದು ನಿಜವೇ ಆಗಿದ್ದರೂ, ಸತ್ಯವ್ರತಕ್ಕೆ ಕಳಂಕವೆಂಬುದು ಇಲ್ಲಿನ ವಿಚಾರ. ಜ್ವರದಲ್ಲಿ ಕನವರಿಸಿದವರ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿತ್ತದ ಜ್ವರದಲ್ಲಿ ಆಡಿದ್ದನ್ನು ಮಾತ್ರ ಜೀವಮಾನವಿಡೀ ಎತ್ತಿ ಆಡಲಾಗುತ್ತದೆ. ಉಪಗೂಹನವೆಂಬ ಅಂಗ ಅಶಕ್ತರ ದೋಷವನ್ನು ಮುಚ್ಚಬೇಕೆಂದು ವಿಧಿಸುತ್ತದೆ. ಸ್ಥಿತಿಕರಣವು ಜಾರಿದವರನ್ನು ಮತ್ತೆ ನೆಲೆಗೆ ನಿಲ್ಲಿಸಬೇಕೆನ್ನುತ್ತದೆ. ಕಾವೇರಿಯ ಸಂಸಾರದಲ್ಲಿ ಈ ಎರಡಕ್ಕೂ ಎಡೆಯಿಲ್ಲದಿರುವುದೇ ಆಕೆಯ ಎರಡನೆಯ ಪತನಕ್ಕೆ ಕಾರಣವೆಂದು ಕಾದಂಬರಿ ಸಾರುತ್ತದೆ.

‘ಅದು ಆಕೆಯ ಪೂರ್ವಕರ್ಮ’ ಎಂದು ಹೇಳಿ ಕೈತೊಳೆದುಕೊಳ್ಳುವ ವಾಡಿಕೆ ಶ್ರಾವಕರ ಮನೆಗಳಲ್ಲಿಯೂ ಇದೆ. ಅಸಾತಾವೇದನೀಯ ಕರ್ಮದ ಉದಯದಿಂದ ದುಃಖ ಬರುತ್ತದೆಂಬುದು ಸಿದ್ಧಾಂತವೇ ಸರಿ. ಆದರೆ ಆ ಕರ್ಮ ಯಾವುದರಿಂದ ಬಂಧವಾಗುತ್ತದೆಂಬುದನ್ನೂ ಅದೇ ಸೂತ್ರಗ್ರಂಥ ಹೇಳುತ್ತದೆ. ದುಃಖ, ಶೋಕ, ತಾಪ, ಆಕ್ರಂದನ, ವಧ, ಪರಿದೇವನ ಇವುಗಳನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದರಿಂದ ಅದು ಬಂಧವಾಗುತ್ತದೆ. ರೋಗಿಯ ಕರ್ಮವನ್ನು ಎಣಿಸುತ್ತ ಕುಳಿತು ಆಕೆಯನ್ನು ಅಳಿಸುವವನು ತನ್ನ ಲೆಕ್ಕಕ್ಕೇ ಕರ್ಮವನ್ನು ಸೇರಿಸಿಕೊಳ್ಳುತ್ತಿರುತ್ತಾನೆ. ಕರ್ಮಸಿದ್ಧಾಂತ ಕೊಡುವುದು ತನ್ನನ್ನು ತಿದ್ದಿಕೊಳ್ಳುವ ಹೊಣೆಯನ್ನೇ ಹೊರತು ಪರರಿಗೆ ತೀರ್ಪು ಕೊಡುವ ಅಧಿಕಾರವನ್ನಲ್ಲ. ಅಂತರಂಗ ತಪಸ್ಸುಗಳಲ್ಲಿ ಒಂದಾದ ವೈಯಾವೃತ್ತ್ಯಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’, ಅಂದರೆ ರೋಗಪೀಡಿತನೂ ಸೇರಿದ್ದಾನೆ. ಅಲ್ಲಿ ಮುಖ್ಯವಾಗಿ ಸೂಚಿತರಾಗಿರುವವರು ಮುನಿಗಳು. ಆದರೆ ಮುನಿಗೆ ಸಲ್ಲುವ ಕರುಣೆಯ ಅಭ್ಯಾಸ ಮನೆಯಲ್ಲಿ ಆಗದೆ ಬಸದಿಯಲ್ಲಿ ಹೇಗಾದೀತು?

ಈ ಸಂದರ್ಭದಲ್ಲಿ ಸಮಂತಭದ್ರಾಚಾರ್ಯರ ಐತಿಹ್ಯವನ್ನು ಸ್ಮರಿಸಬೇಕು. ಎಷ್ಟು ಉಂಡರೂ ಹಿಂಗದ ಹಸಿವಿನ ಭಸ್ಮಕವ್ಯಾಧಿ ಅವರನ್ನು ಕಾಡಿತೆಂದು ಪರಂಪರೆ ಹೇಳುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ, 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಭಸ್ಮಕದ ಉಲ್ಲೇಖವಿದೆ. ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ‘ರಾಜಾವಳಿ ಕಥೆ’ ಈ ವೃತ್ತಾಂತವನ್ನು ವಿಸ್ತರಿಸಿ ಹೇಳಿದೆ. ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ವ್ಯಾಧಿ ಶಮನವಾಗುವವರೆಗೆ ಮುನಿದೀಕ್ಷೆಯನ್ನು ಬಿಟ್ಟಿದ್ದು, ಅನಂತರ ಮರಳಿ ದೀಕ್ಷೆ ಪಡೆಯಬೇಕೆಂದು ಆದೇಶಿಸಿದರು. ಸಮಂತಭದ್ರರು ವ್ರತವನ್ನು ಬಿಟ್ಟರು, ವೇಷ ಬದಲಿಸಿದರು, ಗುಣವಾದ ಮೇಲೆ ಹಿಂದಿರುಗಿದರು; ಸಂಘ ಅವರನ್ನು ಸ್ವೀಕರಿಸಿತು. ನಿರ್ವಿಚಿಕಿತ್ಸೆಯನ್ನು ನಿರೂಪಿಸುವ ‘ರತ್ನಕರಂಡಕ ಶ್ರಾವಕಾಚಾರ’ ಅದೇ ಆಚಾರ್ಯರ ಕೃತಿಯೆಂದು ಪರಂಪರೆ ನಂಬುತ್ತದೆ. ರೋಗಿಯಾಗಿದ್ದಾಗ ಅವರು ಏನೇನು ಮಾಡಿದರೆಂದು ಸಂಘ ವಿಚಾರಣೆ ನಡೆಸಿ ಬಾಗಿಲು ಮುಚ್ಚಿದ್ದರೆ ನಷ್ಟ ಯಾರದಾಗುತ್ತಿತ್ತು? ಕಾವೇರಿಗೆ ದೊರೆಯದೆ ಹೋದದ್ದು ಇಂಥ ಮರುಪ್ರವೇಶ.

ಹಾಗೆಂದು ಕಾದಂಬರಿ ನಿರ್ದೋಷವೆಂದಲ್ಲ. ರೋಗದ ಬೇರನ್ನು ತ್ರಿವೇಣಿಯವರು ಹುದುಗಿದ ಅಪರಾಧಪ್ರಜ್ಞೆಯಲ್ಲಿ ಕಾಣಿಸಲೆಳಸುತ್ತಾರೆ. ಬಾಣಂತಿ ಸನ್ನಿಗೆ ದೇಹದ ಏರುಪೇರು, ನಿದ್ರಾಹೀನತೆ, ವಂಶದ ಹಿನ್ನೆಲೆ ಮುಂತಾದ ಕಾರಣಗಳಿವೆಯೆಂಬುದು ಇಂದಿನ ತಿಳಿವಳಿಕೆ. ಯಾವ ಗುಟ್ಟೂ ಇಲ್ಲದ ತಾಯಿಗೂ ಅದು ಬರಬಹುದು. ಗುಟ್ಟಿನ ಎಳೆಯನ್ನು ಹಿಡಿದು ಓದುವವರಿಗೆ ‘ತಪ್ಪು ಮಾಡಿದ್ದಳು, ಅನುಭವಿಸಿದಳು’ ಎಂಬ ಅಗ್ಗದ ನೀತಿ ದೊರೆಯುವ ಅಪಾಯವಿದೆ. ಮುಕ್ತಾಯದಲ್ಲಿಯೂ ಅಂಥದೇ ತೊಡಕು. ಗುಣವಾದವಳು ಮತ್ತೆ ಕೆಡುವುದನ್ನು ಕಂಡ ಓದುಗ, ಈ ರೋಗ ವಾಸಿಯಾಗುವಂಥದಲ್ಲವೆಂದು ತಪ್ಪಾಗಿ ತಿಳಿಯಬಹುದು. ಪುಟ್ಟಣ್ಣ ಕಣಗಾಲ್ ಅವರ ನಿರ್ದೇಶನದ ಚಲನಚಿತ್ರದಲ್ಲಿ ಕಲ್ಪನಾ ಅವರ ತೀವ್ರ ಅಭಿನಯ ಲಕ್ಷಾಂತರ ಜನರನ್ನು ಕಲಕಿತು. ಆದರೆ ಆ ತೀವ್ರತೆಯಲ್ಲಿ ಉನ್ಮಾದದ ದೃಶ್ಯಗಳೇ ನೆನಪಿನಲ್ಲುಳಿದು, ಆಕೆ ಸ್ವಸ್ಥಳಾಗಿದ್ದ ದಿನಗಳ ಮೌನಯಾತನೆ ಹಿಂದೆ ಸರಿಯಿತು. ಕೃತಿಯ ಹೃದಯವಿರುವುದಾದರೋ ಆ ದಿನಗಳಲ್ಲಿ.

ಸತೀಶನ ಪಾತ್ರವನ್ನೂ ಅನೇಕಾಂತದ ದೃಷ್ಟಿಯಿಂದ ನೋಡಬೇಕು. ಆತನನ್ನು ಕೇವಲ ಕ್ರೂರಿಯೆಂದು ತಳ್ಳಿಹಾಕುವುದು ಸುಲಭ. ಆತನಲ್ಲಿ ಭಯವಿದೆ, ಅಭಿಮಾನಭಂಗವಿದೆ, ತನ್ನ ಮನೆಯನ್ನು ಊರು ಏನೆನ್ನುವುದೋ ಎಂಬ ಅಳುಕಿದೆ. ಇವು ಸಾಮಾನ್ಯ ಗೃಹಸ್ಥನ ದೌರ್ಬಲ್ಯಗಳೇ. ಕಾದಂಬರಿ ಭೀಕರವಾಗುವುದು ಈ ಕಾರಣದಿಂದ: ಸಾಧಾರಣ ಸಭ್ಯರು, ಕೈಯೆತ್ತದೆ, ಗಟ್ಟಿಯಾಗಿ ಬೈಯದೆಯೇ ಒಂದು ಜೀವವನ್ನು ಕೊಲ್ಲಬಲ್ಲರು. ನೀರನ್ನು ಸೋಸಿ ಕುಡಿಯುವ, ರಾತ್ರಿಭೋಜನವನ್ನು ತ್ಯಜಿಸಿದ ಮನೆಗಳು ಈ ಹಿಂಸೆಯನ್ನು ಹಿಂಸೆಯೆಂದು ಗುರುತಿಸುತ್ತವೆಯೇ ಎಂಬುದು ವಿಚಾರಣೀಯ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಕುಟುಂಬ ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲವೆಂದು ವಿಧಿಸಿ, ಸಮಾಜದ ನಡುವೆ ಬಾಳುವ ಹಕ್ಕನ್ನು ಮಾನ್ಯಮಾಡಿತು. ಕಾಯಿದೆ ಹೊಸ್ತಿಲವರೆಗೆ ಕರೆತರಬಲ್ಲುದು. ಅಲ್ಲಿಂದ ಮುಂದಿನದು ಧರ್ಮದ ಕೆಲಸ. ಔಷಧದಾನಕ್ಕೆ ನಿಧಿಯನ್ನಿಡುವ ಬಸದಿಗಳ ಟ್ರಸ್ಟುಗಳು, ಗುಣಹೊಂದಿ ಬಂದ ಹೆಣ್ಣುಮಗಳಿಗೆ ಅಭಿಷೇಕದ ದಿನ ಕಲಶವನ್ನು ಕೈಗೆ ಕೊಡಲು ಹಿಂಜರಿಯದಿರುವುದು, ಸ್ವಾಧ್ಯಾಯದ ಸಾಲಿನಲ್ಲಿ ಆಕೆಯ ಪಕ್ಕದ ಜಾಗ ಖಾಲಿ ಬೀಳದಂತೆ ನೋಡಿಕೊಳ್ಳುವುದು, ಆಕೆಯ ಮಕ್ಕಳ ವಿವಾಹ ಸಂಬಂಧಗಳ ವಿಚಾರಣೆಯಲ್ಲಿ ತಾಯಿಯ ಹಳೆಯ ರೋಗವನ್ನು ಕಿವಿಯಿಂದ ಕಿವಿಗೆ ದಾಟಿಸದಿರುವುದು ಇವೆಲ್ಲ ಅಭಯದಾನದ ಬಗೆಗಳೇ. ಇವುಗಳಿಗೆ ಹಣ ಬೇಕಿಲ್ಲ. ಇವಿಲ್ಲದ ಮನೆಯಲ್ಲಿ ಔಷಧವೂ ಸೋಲುತ್ತದೆಂಬುದನ್ನು ‘ಶರಪಂಜರ’ ತೋರಿಸಿಕೊಟ್ಟಿದೆ.