ಆರೋ, ಒಂಬತ್ತೋ?

ನಮ್ಮ ಶಾಲೆಗೆ ನೂರು ವರ್ಷ ತುಂಬಿದಾಗ ಸಮಿತಿಯವರು ನನಗೆ ವಹಿಸಿದ್ದು ಅಚ್ಚಿನ ಕೆಲಸ. ಕನ್ನಡ ಕಲಿಸುವವಳಲ್ಲವೇ, ಒತ್ತು ದೀರ್ಘ ನೋಡಿಕೊಳ್ಳುತ್ತಾಳೆ ಎಂಬುದು ಅವರ ಲೆಕ್ಕ. ಒಂದು ಸ್ಮರಣ ಸಂಚಿಕೆ, ಒಂದು ವೆಬ್‌ಸೈಟು, ಹನ್ನೆರಡು ನಿಮಿಷದ ಒಂದು ವಿಡಿಯೋ ಆಗಬೇಕಿತ್ತು. ಇವಕ್ಕೆಲ್ಲ ಮೊದಲು, ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಸಹಾಯಧನಕ್ಕೆ ಅರ್ಜಿ ಕರೆಯುವ ಒಂದು ಕರಪತ್ರ ಹೊರಡಬೇಕಿತ್ತು.

ಕರಪತ್ರ ಬಹಳ ಅಂದವಾಗಿ ಬಂತು. ಹಿನ್ನೆಲೆಯಲ್ಲಿ ಮಸುಕಾಗಿ ನಮ್ಮ ಹಳೆಯ ಹೆಂಚಿನ ಕಟ್ಟಡ, ಅದರ ಮೇಲೆ ಕಿತ್ತಳೆ ಬಣ್ಣದ ಬಳ್ಳಿಯಂಥ ಅಕ್ಷರಗಳು, ಕೆಳಗಡೆ ಕನ್ನಡ ಅಂಕಿಯಲ್ಲಿ ಕೊನೆಯ ದಿನಾಂಕ. ಕನ್ನಡ ಅಂಕಿಯೇ ಇರಲಿ ಎಂದು ಹಟ ಹಿಡಿದವಳು ನಾನು. ನೋಡಿ "ಆಹಾ" ಎಂದು ರುಜು ಹಾಕಿದವಳೂ ನಾನೇ.

ಜೂನ್ ಎಂಟರಂದು ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರಲ್ಲಿ ಆದಾಯದ ಸರ್ಟಿಫಿಕೇಟು, ಪಾಸ್‌ಬುಕ್ಕಿನ ಜೆರಾಕ್ಸು, ಎರಡು ಫೋಟೋ, ಎಲ್ಲ ಸರಿಯಾಗಿತ್ತು. "ಆರಕ್ಕೇ ಮುಗಿಯಿತಲ್ಲಮ್ಮ" ಎಂದೆ. "ಒಂಬತ್ತು ಅಂತ ಐತಲ್ಲ ಟೀಚರಮ್ಮ. ಎರಡು ದಿನ ಕೂಲಿ ಬಿಟ್ಟು ಸರ್ಟಿಫಿಕೇಟ್ ಮಾಡಿಸ್ಕೊಂಡು ಬಂದೆ" ಎಂದು ಕರಪತ್ರವನ್ನೇ ಮುಂದೆ ಹಿಡಿದರು. ನಾನು ಕನ್ನಡಕ ಏರಿಸಿಕೊಂಡು ನೋಡಿದೆ. ಆ ಬಳ್ಳಿಯಕ್ಷರದಲ್ಲಿ ‘೬’ಕ್ಕೂ ‘೯’ಕ್ಕೂ ಇದ್ದ ವ್ಯತ್ಯಾಸ ಒಂದು ಸಣ್ಣ ಕೊಂಕು. ಆ ಕೊಂಕು ಹೆಂಚಿನ ಚಿತ್ರದೊಳಗೆ ಕರಗಿಹೋಗಿತ್ತು. ಹಣ ಏಳನೇ ತಾರೀಖೇ ಹಂಚಿಕೆಯಾಗಿತ್ತು. ಆಕೆ ಜಗಳವಾಡಲಿಲ್ಲ. "ನನಗೇ ಓದಕ್ಕೆ ಬರ್ಲಿಲ್ಲ" ಎಂದು ಚೀಲ ಮಡಚಿಕೊಂಡು ಹೋದರು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಓದಲು ಬರುತ್ತಿತ್ತು ಆಕೆಗೆ. ಓದಿಸಲು ಬಾರದೇ ಇದ್ದದ್ದು ನಮಗೆ.

ಅಂದಿನಿಂದ ನಾವು ಮಾಡಿದ್ದನ್ನೆಲ್ಲ ಒಂದೊಂದಾಗಿ ವಿಮರ್ಶಕಿಯ ಕಣ್ಣಿನಿಂದ ನೋಡಲು ಕುಳಿತೆ. ವಿನ್ಯಾಸ ಎಂದರೆ ಅಲಂಕಾರ ಎಂದು ತಿಳಿದಿದ್ದೆ. ಈಗ ಅದು ಬಡಿಸುವ ಕ್ರಮ ಎನ್ನಿಸುತ್ತದೆ. ಬಾಳೆಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿಗೆ ಒಂದು ಜಾಗ, ಅನ್ನಕ್ಕೆ ಒಂದು ಜಾಗ. ಕಣ್ಣು ಮುಚ್ಚಿ ಕೈಯಿಟ್ಟರೂ ಉಣ್ಣುವವರಿಗೆ ಸಿಗುತ್ತದೆ. ನಮ್ಮ ಕರಪತ್ರದಲ್ಲಿ ಅಧ್ಯಕ್ಷರು, ಕಾರ್ಯದರ್ಶಿಗಳು, ದಾನಿಗಳು ಎಲೆಯ ನಡುವೆ ಗುಡ್ಡೆಯಾಗಿ ಕುಳಿತಿದ್ದರು. ಯಾರು ಅರ್ಜಿ ಹಾಕಬಹುದು, ಏನು ತರಬೇಕು, ಯಾವತ್ತು ಕೊನೆ ಎಂಬ ಅನ್ನ ಮಾತ್ರ ಮೂಲೆಯಲ್ಲಿತ್ತು.

ಇನ್ನು ಸ್ಮರಣ ಸಂಚಿಕೆ. ಅದರಲ್ಲಿ ಒಂಬತ್ತು ಬಗೆಯ ಅಕ್ಷರಶೈಲಿ ಎಣಿಸಿದೆ. ಮೊಳೆ ಜೋಡಿಸುವ ಕಾಲದಲ್ಲಿ ಊರಿನ ಪ್ರೆಸ್ಸಿನಲ್ಲಿದ್ದದ್ದೇ ಎರಡು ಮೂರು ಅಳತೆಯ ಮೊಳೆ. ಆ ಬಡತನವೇ ಒಂದು ಶಿಸ್ತಾಗಿತ್ತು. ಈಗ ಕಂಪ್ಯೂಟರಿನಲ್ಲಿ ಸಂತೆಯೇ ಇದೆ, ಕೈ ಕಟ್ಟಿ ಹಾಕುವವರಿಲ್ಲ. ತಲೆಬರಹಕ್ಕೊಂದು, ಒಳಬರಹಕ್ಕೊಂದು, ಎರಡು ಸಾಕು. ಇಂಗ್ಲಿಷಿನಲ್ಲಿ ಒತ್ತಿ ಹೇಳಲು ದೊಡ್ಡಕ್ಷರವಿದೆ, ನಮಗಿಲ್ಲ. ಹಾಗಾಗಿ ನಮ್ಮವರು ಎಲ್ಲವನ್ನೂ ದಪ್ಪ ಮಾಡುತ್ತಾರೆ. ಸಣ್ಣ ಅಳತೆಯಲ್ಲಿ ದಪ್ಪ ಮಾಡಿದರೆ ಕನ್ನಡ ಅಕ್ಷರದ ಹೊಟ್ಟೆ ಮಸಿಯಿಂದ ತುಂಬಿಹೋಗುತ್ತದೆ. ‘ಪ’ಕ್ಕೂ ‘ಷ’ಕ್ಕೂ ಅಂತರ ಒಳಗಿನ ಒಂದು ಗೆರೆ, ‘ದ’ಕ್ಕೂ ‘ಧ’ಕ್ಕೂ ಅಂತರ ಕೆಳಗಿನ ಒಂದು ಸೀಳು. ನಮ್ಮ ಸಂಚಿಕೆಯ ಮೂರನೇ ಪುಟದಲ್ಲಿ ‘ಸಹಾಯಧನ’ವು ‘ಸಹಾಯದನ’ವಾಗಿ ಕಾಣುತ್ತದೆ. ಕರಡಿನಲ್ಲಿ ನಾನು ತಿದ್ದಿದ್ದು ಸರಿಯಾಗಿಯೇ ಇತ್ತು. ಅದನ್ನು ಕೆಡಿಸಿದ್ದು ದಪ್ಪಗಿನ ಮಸಿ.

ಸಾಲುಗಳ ನಡುವಿನ ಜಾಗದ ಮಾತೂ ಇದೆ. ಇಂಗ್ಲಿಷಿಗೆ ಒಗ್ಗಿದ ಅಂತರವನ್ನೇ ಕನ್ನಡಕ್ಕೂ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರ 12 ಪಾಯಿಂಟಿದ್ದರೆ ಸಾಲಿಗೆ 18 ಪಾಯಿಂಟಿನ ಆಸುಪಾಸು ಕೊಟ್ಟರೆ ಕಣ್ಣಿಗೆ ಹಿತ. ಇಕ್ಕಟ್ಟಾದ ಅಂಕಣದಲ್ಲಿ ಎರಡೂ ಅಂಚು ಸಮ ಮಾಡುವ ಆಸೆಯನ್ನೂ ಬಿಡಬೇಕು. ವಿಭಕ್ತಿ ಪ್ರತ್ಯಯಗಳೆಲ್ಲ ಅಂಟಿಕೊಂಡು ನಮ್ಮ ಪದಗಳು ಉದ್ದ. ಸಾಲಿಗೆ ಮೂರು ಪದ ಹಿಡಿದರೆ ನಡುವೆ ಹಲ್ಲುದುರಿದ ಬಾಯಿಯಂತೆ ಖಾಲಿ ಕಾಣುತ್ತದೆ. ಎಡ ಅಂಚು ಸಮವಿದ್ದು ಬಲ ಅಂಚು ಹಾಗೇ ಇರಲಿ.

ಚಿತ್ರಗಳ ಕಥೆ ಬೇರೆ. ಹಳೆಯ ವಿದ್ಯಾರ್ಥಿಗಳು ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿದರು. ಹಾಗೆ ಕಳಿಸಿದಾಗ ಚಿತ್ರ ಕುಗ್ಗುತ್ತದೆ. ಫೋನಿನಲ್ಲಿ ಚೆಂದ ಕಂಡದ್ದು ಅಚ್ಚಿನಲ್ಲಿ ಮಂಜು ಮುಸುಕಿದ ಹಾಗೆ. ಒಳ್ಳೆಯ ಅಚ್ಚಿಗೆ ಒಂದು ಅಂಗುಲಕ್ಕೆ 300 ಚುಕ್ಕಿ ಬೇಕೆನ್ನುತ್ತಾರೆ. ಫೋಟೋ ಎಂದು ಕಳಿಸುವ ಬದಲು ಡಾಕ್ಯುಮೆಂಟ್ ಎಂದು ಕಳಿಸಿದ್ದರೆ ಅರ್ಧ ಸಮಸ್ಯೆ ತಪ್ಪುತ್ತಿತ್ತು. ಬಣ್ಣವೂ ಅಷ್ಟೆ. ಪರದೆ ಬಣ್ಣ ತೋರಿಸುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ; ಅಚ್ಚು ಆಕಾಶನೀಲಿ, ಕಡುಗುಲಾಬಿ, ಹಳದಿ, ಕಪ್ಪು ಮಸಿಯಿಂದ. ಕಂಪ್ಯೂಟರಿನಲ್ಲಿ ಹೊಳೆದ ಹಸಿರು ಕಾಗದದ ಮೇಲೆ ಮಂಕಾಗಿ ಬಂದರೆ ಪ್ರೆಸ್ಸಿನವರನ್ನು ಬೈಯುವುದಲ್ಲ, ಒಂದು ಮಾದರಿ ಪುಟ ಮೊದಲೇ ಅಚ್ಚು ಹಾಕಿಸಿ ನೋಡಬೇಕು. ಬಣ್ಣ ಅಂಚಿನ ತನಕ ಬೇಕಿದ್ದರೆ ಕತ್ತರಿಸುವ ಗೆರೆಯಿಂದಾಚೆ 3 ಮಿಲಿಮೀಟರ್ ಹೆಚ್ಚಿಗೆ ಬಿಡಬೇಕು, ಸೀರೆಗೆ ಫಾಲ್ಸ್ ಹಚ್ಚುವಾಗ ಮಡಿಕೆಗೆ ಬಿಟ್ಟ ಹಾಗೆ.

ವೆಬ್‌ಸೈಟಿನ ತಪ್ಪು ಇನ್ನೂ ಸೂಕ್ಷ್ಮ. ಅಲ್ಲಿ ಕರಪತ್ರವನ್ನು ಚಿತ್ರವಾಗಿಯೇ ಅಂಟಿಸಿಬಿಟ್ಟಿದ್ದರು. ಅಗಲ ಪರದೆಯಲ್ಲಿ ಸರಿ. ಆದರೆ ನಮ್ಮ ಮಕ್ಕಳ ಮನೆಯಲ್ಲಿರುವುದು ಅಂಗೈಯಗಲದ ಫೋನು. ಅದರಲ್ಲಿ ಅಕ್ಷರ ಸಾಸಿವೆ ಕಾಳು, ಹಿಗ್ಗಿಸಿದರೆ ಮಸುಕು. ಚಿತ್ರದೊಳಗಿನ ಮಾತನ್ನು ಕಣ್ಣು ಕಾಣದವರಿಗೆ ಓದಿ ಹೇಳುವುದು ಅವರ ಫೋನಿಗೆ ಕಷ್ಟ. ಅಕ್ಷರವನ್ನು ಅಕ್ಷರವಾಗಿಯೇ, ಅದೂ ಯೂನಿಕೋಡಿನಲ್ಲಿ ಹಾಕಬೇಕು. 1998ರಲ್ಲಿ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದ ಮೇಲೆ ನಮ್ಮಂಥವರು ಕೀಲಿಮಣೆ ಮುಟ್ಟುವ ಧೈರ್ಯ ಮಾಡಿದೆವು. ಆದರೆ ಅಂದಿನ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತ ಆ ಫಾಂಟಿಲ್ಲದ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತಿತ್ತು. ಯೂನಿಕೋಡಿನಲ್ಲಿ ಆ ಕಾಟವಿಲ್ಲ. ಇಷ್ಟಾದರೂ ಹಳೆಯ ಕಡತವನ್ನೇ ಎಳೆದು ತಂದು ಹಾಕುವವರು ಇದ್ದಾರೆ.

ಬಣ್ಣದ ಅಂತರಕ್ಕೂ ಒಂದು ಅಳತೆಯುಂಟು. ವೆಬ್ ಪುಟಗಳಿಗಾಗಿ 2008ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಪ್ರಮಾಣ ಕನಿಷ್ಠ 4.5ಕ್ಕೆ 1 ಇರಬೇಕು. ಅದನ್ನು ಅಳೆಯುವ ಸಾಧನ ನನ್ನ ಬಳಿ ಇಲ್ಲ. ನಾನು ಕಂಡುಕೊಂಡ ಉಪಾಯ ಸುಲಭ: ಬಣ್ಣದ ಹಾಳೆಯನ್ನು ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ. ಮಾಯವಾದದ್ದು ಯಾವುದೋ ಅದು ಎಷ್ಟೋ ಜನರ ಕಣ್ಣಿಗೆ ಮೊದಲೇ ಮಾಯವಾಗಿರುತ್ತದೆ. ನಮ್ಮ ಕರಪತ್ರವನ್ನು ಹಾಗೆ ಮಾಡಿಸಿದೆ. ದಾನಿಗಳ ಹೆಸರು ಉಳಿಯಿತು, ದಿನಾಂಕ ಹೋಯಿತು.

ವಿಡಿಯೋದಲ್ಲಿ ಎಲ್ಲವೂ ಹಾರಿ ಬರುತ್ತದೆ, ತಿರುಗುತ್ತದೆ, ಕರಗುತ್ತದೆ. ನಿವೃತ್ತ ಶಿಕ್ಷಕಿಯೊಬ್ಬರ ನಡುಗುವ ದನಿಯ ಮೇಲೆ ತಬಲಾ ಬಾರಿಸಿದೆ. ಹೆಸರುಗಳು ಓದುವಷ್ಟರಲ್ಲಿ ಹೋಗಿಬಿಡುತ್ತವೆ. ಪರದೆಯ ಮೇಲಿನ ಸಾಲನ್ನು ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ನಿಲ್ಲಿಸಬೇಕು, ಮಾತಿನ ಹೊತ್ತಿಗೆ ಸಂಗೀತ ತಗ್ಗಬೇಕು, ಕೆಳಗೆ ಮಾತಿನ ಬರಹವಿರಬೇಕು. ಕಿವಿ ಮಂದವಾದವರಿಗೆ ಮಾತ್ರವಲ್ಲ, ಬಸ್ಸಿನಲ್ಲಿ ದನಿಯಿಲ್ಲದೆ ನೋಡುವವರಿಗೂ ಅದು ಬೇಕು. ಆದರೂ ಒಂದು ಕಡೆ ವಿಡಿಯೋ ಗೆದ್ದಿದೆ. ನಮ್ಮ ಹಳೆಯ ಜವಾನರು ಗಂಟೆ ಬಾರಿಸುವ ಅರ್ಧ ನಿಮಿಷ. ಅಲ್ಲಿ ಅಕ್ಷರವಿಲ್ಲ, ಸಂಗೀತವಿಲ್ಲ, ಹಾರಾಟವಿಲ್ಲ. ಸಭೆಯಲ್ಲಿ ಎಲ್ಲರೂ ಸುಮ್ಮನಾದದ್ದು ಆಗಲೇ.

ಇದನ್ನೆಲ್ಲ ವಿನ್ಯಾಸ ಮಾಡಿದ ಹುಡುಗನ ಮೇಲೆ ಹೊರಿಸಿ ಕೈತೊಳೆದುಕೊಳ್ಳಲಾರೆ. ಅವನಿಗೆ ನಾವು ಹೇಳಿದ್ದು "ಗ್ರ್ಯಾಂಡಾಗಿರಲಿ" ಎಂದು. ಯಾರು ಓದುತ್ತಾರೆ, ಓದಿ ಏನು ಮಾಡಬೇಕು ಎಂದು ಹೇಳಲೇ ಇಲ್ಲ. ನಿಮ್ಮ ಮಹಿಳಾ ಸಮಾಜದ ಕರಪತ್ರವಿರಲಿ, ಮಗಳ ಮದುವೆಯ ಕರೆಯೋಲೆಯಿರಲಿ, ಆ ಎರಡು ಮಾತು ಮೊದಲು ಕಾಗದದ ಮೇಲೆ ಬರೆದುಕೊಡಿ. ಫಾಂಟು, ಬಣ್ಣ ಆಮೇಲೆ.

ಮರುವರ್ಷದ ಕರಪತ್ರವನ್ನು ಬಿಳಿ ಹಾಳೆಯಲ್ಲಿ ಕಪ್ಪು ಅಕ್ಷರದಲ್ಲಿ ಮಾಡಿಸಿದೆ. ದಿನಾಂಕ ಎಲ್ಲಕ್ಕಿಂತ ಮೇಲೆ, ವಾರದ ಹೆಸರಿನೊಂದಿಗೆ. ಅಂಕಿಯ ಪಕ್ಕದಲ್ಲಿ ‘ಆರು’ ಎಂದು ಅಕ್ಷರದಲ್ಲೂ ಬರೆಸಿದೆ. ಸಮಿತಿಯವರು "ತೀರಾ ಸಪ್ಪೆ" ಎಂದರು. ಅಚ್ಚಿಗೆ ಕೊಡುವ ಮೊದಲು ಆ ತಾಯಿಯನ್ನೇ ಕರೆಸಿ, ಏನೂ ವಿವರಿಸದೆ ಕರಡನ್ನು ಕೈಗಿಟ್ಟೆ. ಬೆರಳಿಟ್ಟು ನಿಧಾನವಾಗಿ ಓದಿದರು. ದಿನ ಸರಿಯಾಗಿ ಹೇಳಿದರು, ತರಬೇಕಾದ ಕಾಗದಗಳನ್ನೂ ಹೇಳಿದರು. ನಾನು ಹಿಗ್ಗುವಷ್ಟರಲ್ಲಿ ತಲೆಯೆತ್ತಿ ಕೇಳಿದರು:

"ಎಷ್ಟು ಗಂಟೆಗೆ ಬರ್ಬೇಕು ಅಂತ ಬರೆದೇ ಇಲ್ವಲ್ಲ ಟೀಚರಮ್ಮ? ಅರ್ಧ ದಿನದ ಕೂಲಿ ಉಳಿಸ್ಕೋಬೋದಿತ್ತು."

ನಾಲ್ಕು ಜನ ಕರಡು ನೋಡಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ. ಪೆನ್ನು ತೆಗೆದು ದಿನಾಂಕದ ಕೆಳಗೆ ‘ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ’ ಎಂದು ಸೇರಿಸಿದೆ.