ಹೊಟ್ಟೆ ತೋರಿಸು, ಹೆಸರು ಹೇಳುತ್ತೇನೆ

ಬೆಂಗಳೂರಿನ ಯಾವ ಅಕ್ವೇರಿಯಂ ಅಂಗಡಿಗಾದರೂ ಹೋಗಿ, ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಕಂದು ಮರಿಯೊಂದನ್ನು ತೋರಿಸಿ ಹೆಸರು ಕೇಳಿದರೆ ಬರುವ ಉತ್ತರ ‘ಸಕ್ಕರ್’. ಅಂಗಡಿಯವರು ಸ್ವಲ್ಪ ಓದಿಕೊಂಡವರಾದರೆ ‘ಪ್ಲೆಕೊ’ ಎಂದಾರು. ಎರಡೂ ಸುಳ್ಳಲ್ಲ, ಆದರೆ ಕೊಳ್ಳುವವರಿಗೆ ಎರಡರಿಂದಲೂ ಪ್ರಯೋಜನವಿಲ್ಲ. ಒಂದೇ ತೊಟ್ಟಿಯಲ್ಲಿರುವ ಬೆರಳುದ್ದದ ಎರಡು ಮರಿಗಳಲ್ಲಿ ಒಂದು ಹನ್ನೆರಡು ಹದಿಮೂರು ಸೆಂಟಿಮೀಟರಿಗೆ ಬೆಳವಣಿಗೆ ನಿಲ್ಲಿಸಬಹುದು. ಇನ್ನೊಂದು ಅರ್ಧ ಮೀಟರಿನತ್ತ ಬೆಳೆಯುತ್ತಾ ಹೋಗಿ ಮನೆಯ ತೊಟ್ಟಿಯಲ್ಲಿ ತಿರುಗಲೂ ಜಾಗವಿಲ್ಲದಂತಾಗಬಹುದು. ಯಾವುದು ಯಾವುದೆಂದು ಕೊಳ್ಳುವ ಮುನ್ನವೇ ತಿಳಿಯುವ ದಾರಿ ಇದೆ. ಕಷ್ಟದ್ದೇನಲ್ಲ, ಎಣಿಸಲು ಬಂದರೆ ಸಾಕು.

ಎಣಿಸಬೇಕಾದದ್ದು ಬೆನ್ನುರೆಕ್ಕೆಯ ಕಡ್ಡಿಗಳನ್ನು. ಮುಂದಿನ ಗಟ್ಟಿ ಮುಳ್ಳನ್ನು ಬಿಟ್ಟು, ಅದರ ಹಿಂದೆ ತುದಿಯಲ್ಲಿ ಕವಲೊಡೆದ ಕಡ್ಡಿಗಳು ಏಳಿದ್ದರೆ ಮೀನು ಆನ್ಸಿಸ್ಟ್ರಸ್ ಇರಬಹುದು, ಹೈಪೋಸ್ಟೋಮಸ್ ಇರಬಹುದು. ಒಂಬತ್ತೋ ಅದಕ್ಕಿಂತ ಹೆಚ್ಚೋ ಇದ್ದರೆ ಟೆರಿಗೋಪ್ಲಿಕ್ತಿಸ್. ನಮ್ಮ ಅಂಗಡಿಗಳ ‘ಸಕ್ಕರ್’ ಬಹುಪಾಲು ಈ ಕೊನೆಯ ಕುಲದ್ದು, ಅರ್ಧ ಮೀಟರ್ ಬೆಳೆಯುವಂಥದ್ದು. ಪುಸ್ತಕಗಳಲ್ಲಿ ಅದರ ಚಿತ್ರದ ಕೆಳಗೆ ಬಹುಕಾಲ ಅಚ್ಚಾಗುತ್ತಿದ್ದ ಹೆಸರು ಹೈಪೋಸ್ಟೋಮಸ್ ಪ್ಲೆಕೊಸ್ಟೋಮಸ್. ಲಿನೇಯಸ್ 1758ರಲ್ಲಿ ವರ್ಣಿಸಿದ ಆ ಮೀನು ಬೇರೆಯೇ. ಅದರ ನೆಲೆ ಸುರಿನಾಮ್ ಸೀಮೆಯ ನದಿಗಳು, ವ್ಯಾಪಾರದಲ್ಲಿ ಅದು ಕಾಣಸಿಗುವುದು ಅಪರೂಪ. ಬೆನ್ನುರೆಕ್ಕೆ ಎಣಿಸಿದ ಯಾರಿಗೂ ಈ ಗೊಂದಲ ಆಗಬೇಕಿರಲಿಲ್ಲ.

ಕುಲ ಗೊತ್ತಾದ ಮೇಲೆ ಪ್ರಭೇದ. ಇಲ್ಲಿ ಮೀನಿನ ಬೆನ್ನು ನೋಡಿ ಫಲವಿಲ್ಲ, ಹೊಟ್ಟೆ ನೋಡಬೇಕು. ಗಾಜಿಗೆ ಅಂಟಿಕೊಂಡಾಗ ಅದು ತಾನಾಗಿಯೇ ಹೊಟ್ಟೆ ತೋರಿಸುತ್ತದೆ. ಇಷ್ಟು ಉಪಕಾರ ಮಾಡುವ ಪ್ರಾಣಿ ಜೀವಲೋಕದಲ್ಲಿ ಹೆಚ್ಚಿಲ್ಲ. ಹೊಟ್ಟೆಯ ಮೇಲೆ ಬಿಡಿಬಿಡಿ ಕಪ್ಪು ಚುಕ್ಕೆಗಳಿದ್ದರೆ ಟೆರಿಗೋಪ್ಲಿಕ್ತಿಸ್ ಪಾರ್ಡಾಲಿಸ್. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಹುಳು ಹರಿದಂಥ ಗೆರೆಗಳಾಗಿದ್ದರೆ ಡಿಸ್‌ಜಂಕ್ಟಿವಸ್. ಪುಸ್ತಕ ಇಷ್ಟು ಹೇಳಿ ಮುಗಿಸುತ್ತದೆ. ಆದರೆ ತಾಯ್ನಾಡಾದ ಅಮೆಜಾನ್ ಬಿಟ್ಟು ಏಷ್ಯಾದ ನೀರಿಗಿಳಿದ ಸಂತತಿಗಳಲ್ಲಿ ಚುಕ್ಕೆಯ ಹೊಟ್ಟೆ, ಗೆರೆಯ ಹೊಟ್ಟೆ, ಅರ್ಧ ಚುಕ್ಕೆ ಅರ್ಧ ಗೆರೆಯ ಹೊಟ್ಟೆ ಎಲ್ಲವೂ ಒಂದೇ ಬಲೆಗೆ ಬೀಳುತ್ತವೆ. ಅಂಥ ಮೀನಿಗೆ ಖಡಾಖಂಡಿತವಾಗಿ ಒಂದೇ ಹೆಸರು ಹೇಳುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಬಣ್ಣದ ಮಾತಿಗೆ ಬರೋಣ. ಅಕ್ವೇರಿಯಂ ಹವ್ಯಾಸಿಗಳು ಮೊದಲು ನೋಡುವುದು ಬಣ್ಣವನ್ನೇ, ಸಕ್ಕರ್ ಕೂಡ ಸೇರಿದ ಕ್ಯಾಟ್‌ಫಿಶ್‌ಗಳ ಲೋಕದಲ್ಲಿ ಮೊದಲು ದಾರಿ ತಪ್ಪಿಸುವುದೂ ಬಣ್ಣವೇ. ಇದಕ್ಕೆ ಬ್ರೆಜಿಲಿನ ರಿಯೊ ನೀಗ್ರೊ ನದಿಯ ಮೇಲ್ಭಾಗದ ಪುಟಾಣಿ ಕ್ಯಾಟ್‌ಫಿಶ್‌ಗಳಾದ ಕೊರಿಡೊರಾಸ್‌ಗಳಿಗಿಂತ ಒಳ್ಳೆಯ ಸಾಕ್ಷಿ ಸಿಗದು. ಅಲ್ಲಿಂದ ಬರುವ ಅಡೊಲ್ಫೊಯಿ ಎಂಬ ಮೀನಿಗೆ ಕೆನೆಬಣ್ಣದ ಮೈ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಕತ್ತಿನ ಮೇಲೆ ಕಿತ್ತಳೆ ಮಚ್ಚೆ, ಬೆನ್ನುದ್ದಕ್ಕೂ ಕಪ್ಪು ಗೆರೆ. 1982ರಲ್ಲಿ ಅದಕ್ಕೆ ಹೆಸರು ಬಿತ್ತು. ಮರುವರ್ಷ ಅದೇ ಪ್ರದೇಶದಿಂದ, ಅದೇ ಕಿತ್ತಳೆ ಮಚ್ಚೆ, ಅದೇ ಕಪ್ಪು ಪಟ್ಟಿಯ ಇನ್ನೊಂದು ಮೀನು ಹೊರಬಂತು. ಮೂತಿ ಮಾತ್ರ ಉದ್ದ. ವಿಜ್ಞಾನಿಗಳು ಅದನ್ನು ‘ಅನುಕರಿಸುವವ’ ಎಂಬರ್ಥದಲ್ಲಿ ಇಮಿಟೇಟರ್ ಎಂದು ಕರೆದರು. 1995ರಲ್ಲಿ ಮೂರನೆಯದು: ಡುಪ್ಲಿಕೇರಿಯಸ್, ಬೆನ್ನ ಮೇಲಿನ ಕಪ್ಪು ಪಟ್ಟಿ ಇನ್ನಷ್ಟು ಅಗಲ. ಒಂದೇ ನಾಟಕ ಕಂಪನಿಯ ಉಡುಪು ತೊಟ್ಟ ಮೂವರು ನಟರಿವರು. ರಫ್ತಿನ ಪೆಟ್ಟಿಗೆಯಲ್ಲಿ ಮೂವರೂ ಬೆರೆತು ಬರುವುದುಂಟು.

ಇದು ಕಾಕತಾಳೀಯವಲ್ಲ ಎಂದು ತೋರಿಸಿಕೊಟ್ಟದ್ದು 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ. ಮಾರ್ಕೋಸ್ ಅಲೆಕ್ಸಾಂಡ್ರೌ ಮತ್ತು ಸಂಗಡಿಗರು ಕೊರಿಡೊರಾಸ್ ಬಳಗದ ಡಿಎನ್‌ಎ ಜಾಲಾಡಿದಾಗ, ಒಂದೇ ಹೊಳೆಯಲ್ಲಿ ಒಂದೇ ಬಣ್ಣ ಹೊತ್ತು ಕೂಡಿ ಓಡಾಡುವ ಮೀನುಗಳು ಹತ್ತಿರದ ನಂಟರಲ್ಲ, ಎಷ್ಟೋ ಕಾಲದ ಹಿಂದೆಯೇ ಕವಲೊಡೆದ ಬೇರೆ ಬೇರೆ ವಂಶಗಳವು ಎಂದು ತಿಳಿಯಿತು. ಮೂತಿಯ ಉದ್ದ ಬೇರೆ, ತಿನ್ನುವ ಆಹಾರವೂ ಬೇರೆ. ಹೀಗಾಗಿ ಊಟಕ್ಕೆ ಪೈಪೋಟಿ ಕಡಿಮೆ. ಈ ಮೀನುಗಳಿಗೆ ಮೂಳೆಯ ಕವಚವಿದೆ, ಚುಚ್ಚುವ ಮುಳ್ಳುಗಳಿವೆ. ಒಂದನ್ನು ತಿನ್ನಲು ಹೋಗಿ ಪಾಠ ಕಲಿತ ದೊಡ್ಡ ಮೀನು ಅದೇ ಬಣ್ಣದ ಉಳಿದೆಲ್ಲವನ್ನೂ ಬಿಟ್ಟುಬಿಡುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಹಾಗಾಗಿ ಕೊರಿಡೊರಾಸ್ ಗುರುತಿಸುವಾಗ ಮಚ್ಚೆಗಿಂತ ಮೊದಲು ಮೂತಿ ನೋಡಬೇಕು. ಮೂತಿ ಗಿಡ್ಡವೋ, ಉದ್ದವೋ, ಹಣೆಯಿಂದ ಬಾಗಿ ಇಳಿದಿದೆಯೋ, ನೇರ ಚಾಚಿದೆಯೋ ಎಂಬುದೇ ಅರ್ಧ ಉತ್ತರ.

ಈ ವಂಶಾವಳಿಯ ಕೆಲಸ ಮುಂದುವರಿದು 2024ರಲ್ಲಿ ಕೊರಿಡೊರಾಸ್ ಎಂಬ ದೊಡ್ಡ ಕುಲವೇ ಒಡೆದು ಹಲವು ಕುಲಗಳಾಯಿತು. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನ ಯಾನದಲ್ಲಿ ಸಂಗ್ರಹಿಸಿ ತಂದು, ಲಿಯೊನಾರ್ಡ್ ಜೆನಿನ್ಸ್ 1842ರಲ್ಲಿ ವರ್ಣಿಸಿದ ‘ಪೆಪ್ಪರ್ಡ್ ಕೊರಿ’ ಈಗ ಹೋಪ್ಲಿಸೋಮ ಪಾಲಿಯೇಟಮ್. ಅಂಗಡಿಯ ಚೀಟಿಗಳು ಬದಲಾಗಲು ಇನ್ನೂ ಬಹಳ ವರ್ಷ ಬೇಕು. ಅಲ್ಲಿ ಹಳೆಯ ತಪ್ಪುಗಳೇ ಇನ್ನೂ ತಿದ್ದಿಲ್ಲ. ‘ಜೂಲಿ ಕೊರಿ’ ಎಂದು ಮಾರುವುದರಲ್ಲಿ ಹೆಚ್ಚಿನವು ಜೂಲಿಯೇ ಅಲ್ಲ, ಟ್ರೈಲಿನಿಯೇಟಸ್. ತಲೆಯ ಮೇಲೆ ಬಿಡಿ ಚುಕ್ಕೆಗಳಿದ್ದರೆ ನಿಜವಾದ ಜೂಲಿ, ಚುಕ್ಕೆಗಳು ಕೂಡಿ ಬಲೆಯಂತಾಗಿದ್ದರೆ ಟ್ರೈಲಿನಿಯೇಟಸ್.

ಹೆಸರೇ ಇಲ್ಲದ ಮೀನು ಬಂದರೆ? ಅದಕ್ಕೂ ಜರ್ಮನರು ಉಪಾಯ ಕಂಡುಕೊಂಡಿದ್ದಾರೆ. 1980ರ ದಶಕದಲ್ಲಿ ಬ್ರೆಜಿಲಿನಿಂದ ಯುರೋಪಿಗೆ ಹೊಸ ಹೊಸ ಪ್ಲೆಕೊಗಳು ಬರತೊಡಗಿದವು. ವಿಜ್ಞಾನಿಗಳು ವರ್ಣಿಸಿ ಹೆಸರಿಡುವ ವೇಗಕ್ಕಿಂತ ವ್ಯಾಪಾರಿಗಳು ಹಿಡಿದು ಕಳಿಸುವ ವೇಗ ಹೆಚ್ಚಿತ್ತು. 1988ರಲ್ಲಿ ‘ಡಾಟ್ಸ್’ ಎಂಬ ಜರ್ಮನ್ ಅಕ್ವೇರಿಯಂ ಪತ್ರಿಕೆ ಇಂಥ ಮೀನುಗಳ ಫೋಟೊ, ಸಿಕ್ಕ ಸ್ಥಳದ ವಿವರ ಅಚ್ಚುಹಾಕಿ ಪ್ರತಿಯೊಂದಕ್ಕೂ ‘ಎಲ್’ ಅಕ್ಷರದ ಜತೆ ಒಂದು ಸಂಖ್ಯೆ ಕೊಡಲು ಶುರುಮಾಡಿತು. ಲೊರಿಕಾರಿಡೆ ಎಂಬ ಕುಟುಂಬದ ಮೊದಲಕ್ಷರವೇ ಈ ‘ಎಲ್’. ಈಗ ಸಂಖ್ಯೆ ಐನೂರು ದಾಟಿದೆ. ಕಪ್ಪುಬಿಳುಪು ಪಟ್ಟೆಗಳ, ಷಿಂಗು ನದಿಯ ಎಲ್-046 ಜಗತ್ತಿನಾದ್ಯಂತ ಹವ್ಯಾಸಿಗಳ ಬಾಯಲ್ಲಿ ಓಡಾಡತೊಡಗಿದ ಮೇಲೆ, 1991ರಲ್ಲಿ ಅದಕ್ಕೆ ಹೈಪಾನ್ಸಿಸ್ಟ್ರಸ್ ಜೀಬ್ರಾ ಎಂಬ ಹೆಸರು ಬಂತು. ಬೆಲೊ ಮೊಂಟೆ ಅಣೆಕಟ್ಟಿನಿಂದ ನೀರು ಬೇರೆಡೆಗೆ ತಿರುಗಿದ ನದಿಯ ದೊಡ್ಡ ತಿರುವೇ ಅದರ ಮನೆ.

ಈ ಸಂಖ್ಯೆಗಳು ಪ್ರಾಮಾಣಿಕ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡು, ಆದರೂ ಕಂಡದ್ದನ್ನು ದಾಖಲಿಸುತ್ತವೆ. ಹಾಗೆಂದು ಅವೂ ವೇದವಾಕ್ಯವಲ್ಲ. ಎಲ್-001 ಮತ್ತು ಎಲ್-022 ಎರಡೂ ಒಂದೇ ಪ್ರಭೇದ. ಎಲ್-200ರ ಕತೆ ತದ್ವಿರುದ್ಧ: ವೆನೆಜುವೆಲಾದ ಒರಿನೋಕೊ ಕಡೆಯ, ಹಳದಿ ಚುಕ್ಕೆಗಳ ಹಸಿರು ಮೀನು. ಒಂದೇ ಸಂಖ್ಯೆಯಲ್ಲಿ ಮಾರಾಟವಾಗುತ್ತಿದ್ದ ಅದನ್ನು 2005ರಲ್ಲಿ ಕೂಲಂಕಷವಾಗಿ ನೋಡಿದಾಗ ಎರಡು ಮೀನುಗಳೆಂದು ತಿಳಿಯಿತು, ಅದೂ ಬೇರೆ ಬೇರೆ ಕುಲದವು! ಬೆನ್ನುರೆಕ್ಕೆಯ ಹಿಂಬದಿಯ ಪೊರೆ ಬಾಲದ ಬಳಿಯ ಪುಟ್ಟ ಕೊಬ್ಬುರೆಕ್ಕೆಯವರೆಗೂ ಹೋಗಿ ಸೇರಿದ್ದರೆ ಬ್ಯಾರಿಆನ್ಸಿಸ್ಟ್ರಸ್ ಡೆಮಾಂಟಾಯ್ಡಿಸ್. ನಡುವೆ ಜಾಗ ಬಿಟ್ಟಿದ್ದರೆ ಹೆಮಿಆನ್ಸಿಸ್ಟ್ರಸ್ ಸಬ್‌ವಿರಿಡಿಸ್. ಹಸಿರು ಬಣ್ಣಕ್ಕೆ ಮನಸೋತವರ ಕಣ್ಣಿಗೆ ಆ ಪೊರೆ ಬೀಳಲೇ ಇಲ್ಲ.

ಇನ್ನೊಂದು ಸೋಜಿಗ. ಮನೆಮನೆಗಳಲ್ಲಿ ಮರಿಮಾಡುವ, ಗಂಡಿನ ಮೂತಿಯ ಮೇಲೆ ಪೊದೆಯಂತೆ ಎಳೆಗಳು ಬೆಳೆಯುವ ಸಾಮಾನ್ಯ ಆನ್ಸಿಸ್ಟ್ರಸ್ ಇದೆಯಲ್ಲ, ಅದು ಯಾವ ಪ್ರಭೇದ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ತಲೆಮಾರುಗಟ್ಟಲೆ ತೊಟ್ಟಿಯಲ್ಲೇ ಬೆಳೆದ ಈ ಮೀನಿನ ಮೂಲ ನದಿ ಯಾವುದೆಂಬುದೇ ಅಳಿಸಿಹೋಗಿದೆ. ಕ್ಯಾಟ್‌ಫಿಶ್‌ಗಳ ವಿಷಯದಲ್ಲಿ ‘ಎಲ್ಲಿಂದ ಬಂತು’ ಎಂಬುದು ‘ಹೇಗಿದೆ’ ಎಂಬುದರಷ್ಟೇ ತೂಕದ ಪ್ರಶ್ನೆ. ಕೇರಳ ಮತ್ತು ಕರ್ನಾಟಕದ ಪಶ್ಚಿಮಕ್ಕೆ ಹರಿಯುವ ನದಿಗಳಲ್ಲಿರುವ ಹೋರಾಬಾಗ್ರಸ್ ಬ್ರಾಕಿಸೋಮ, ಅಂದರೆ ರಫ್ತುದಾರರ ‘ಸನ್ ಕ್ಯಾಟ್‌ಫಿಶ್’, ಭುಜದ ಮೇಲೆ ದೊಡ್ಡ ಕಪ್ಪು ಮಚ್ಚೆ ಹೊತ್ತ ಚಿನ್ನದ ಬಣ್ಣದ ಮೀನು. ಅದರ ಮಚ್ಚೆ ಕತ್ತಿನ ಸುತ್ತ ಪಟ್ಟಿಯಾಗಿದ್ದರೆ ಚಾಲಕುಡಿ ನದಿಯಿಂದ 1994ರಲ್ಲಿ ವರ್ಣಿಸಲಾದ ನೈಗ್ರಿಕೊಲಾರಿಸ್ ಇರಬಹುದೇ ಎಂದು ನೋಡಬೇಕು. ಹಿಡಿದ ಹೊಳೆಯ ಹೆಸರು ಗೊತ್ತಿದ್ದರೆ ವಾದ ಬೇಗ ಮುಗಿಯುತ್ತದೆ.

ಯಾವ ಖಂಡದ ಮೀನೆಂದೇ ತಿಳಿಯದಿದ್ದಾಗ ಮೀಸೆ ಎಣಿಸುವುದು ಒಳ್ಳೆಯದು. ಆಫ್ರಿಕಾದ ಸಿನೊಡಾಂಟಿಸ್‌ಗೆ ಮೂರು ಜೋಡಿ, ಕೆಳಗಿನವು ಗರಿಯಂತೆ ಕವಲೊಡೆದಿರುತ್ತವೆ. ಹೋರಾಬಾಗ್ರಸ್‌ಗೆ ನಾಲ್ಕು ಜೋಡಿ. ನಮ್ಮ ಕೆರೆಗಳ ಬಾಳೆಮೀನಿಗೆ ಎರಡು. ‘ಶಾರ್ಕ್’ ಎಂದು ಮಕ್ಕಳಿಗೆ ಆಸೆ ಹುಟ್ಟಿಸುವ ಬೆಳ್ಳಿಮೈಯ ಮರಿಗೂ ಎರಡೇ ಜೋಡಿ. ಅದು ಶಾರ್ಕ್ ಅಲ್ಲ, ಆಗ್ನೇಯ ಏಷ್ಯಾದ ಪಂಗಾಸಿಯಸ್. ಹೋಟೆಲಿನಲ್ಲಿ ‘ಬಾಸಾ’ ಎಂದು ತಟ್ಟೆಗೆ ಬರುವುದೂ ಬಹುಮಟ್ಟಿಗೆ ಅದೇ. ಮೀಟರಿಗೂ ಹೆಚ್ಚು ಉದ್ದ ಬೆಳೆಯುವ ಮೀನನ್ನು ಎರಡಡಿ ತೊಟ್ಟಿಗೆ ಮಾರುವುದು ಶುದ್ಧ ಅನ್ಯಾಯ. ಇನ್ನು ಸಿನೊಡಾಂಟಿಸ್‌ಗಳಲ್ಲಿ ಸಾಕಣೆ ಕೇಂದ್ರಗಳ ಮಿಶ್ರತಳಿಗಳೂ ಅಂಗಡಿಗೆ ಬರುತ್ತವೆ. ಎಷ್ಟು ಪುಸ್ತಕ ತಿರುವಿದರೂ ಅವುಗಳ ಹೆಸರು ಸಿಗುವುದಿಲ್ಲ, ಏಕೆಂದರೆ ಅಂಥ ಪ್ರಭೇದವೇ ಇಲ್ಲ.

ಗುರುತು ಹಿಡಿಸಬೇಕೆನ್ನುವವರು ತಿಳಿದವರಿಗೆ ಮೂರು ಫೋಟೊ ಕಳಿಸಬೇಕು: ರೆಕ್ಕೆ ಬಿಚ್ಚಿದಾಗ ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ. ಮೊಬೈಲು ಸಾಕು, ಗಾಜು ಒರೆಸಿರಬೇಕು. ಬಲೆ ಬೇಡ, ಮುಳ್ಳುಗಳು ಅದರ ಎಳೆಗೆ ಸಿಕ್ಕಿಕೊಂಡು ಮೀನಿಗೂ ಕೈಗೂ ಗಾಯ. ಪಾರದರ್ಶಕ ಡಬ್ಬಿಯಲ್ಲಿ ಹಿಡಿಯಬೇಕು. ಅಳತೆ, ಮೀಸೆಯ ಜೋಡಿ, ಬೆನ್ನುರೆಕ್ಕೆಯ ಕಡ್ಡಿಗಳ ಲೆಕ್ಕ, ಅಂಗಡಿಯವರು ಹೇಳಿದ ಹೆಸರು, ಮೀನು ಬಂದ ದೇಶ ಇಷ್ಟನ್ನು ಜತೆಗೆ ಬರೆದು ಕಳಿಸಿದರೆ ಕುಲದವರೆಗಾದರೂ ಖಚಿತ ಉತ್ತರ ಸಿಗುತ್ತದೆ. ಅಲ್ಲಿಗೇ ನಿಂತರೆ ಬೇಸರ ಬೇಡ. ತಪ್ಪು ಪ್ರಭೇದದ ಹೆಸರಿಗಿಂತ ಸರಿಯಾದ ಕುಲದ ಹೆಸರು ಮೇಲು.

ಕೊನೆಗೆ, ಈಗಾಗಲೇ ದೊಡ್ಡ ‘ಸಕ್ಕರ್’ ಸಾಕಿಕೊಂಡು ಪೇಚಿಗೆ ಸಿಕ್ಕವರಿಗೆ ಒಂದು ಮಾತು. ಕೇರಳದ ಕಾಲುವೆಗಳು, ಆಂಧ್ರದ ಕೆರೆಗಳು, 2020ರಲ್ಲಿ ವಾರಾಣಸಿಯ ಗಂಗೆ, ಎಲ್ಲೆಡೆ ಈ ಮೀನು ಬಲೆಗೆ ಬಿದ್ದಿದೆ. ಆಂಧ್ರದ ಬೆಸ್ತರ ಬಲೆಗಳನ್ನು ಹರಿದುಹಾಕುತ್ತದೆ. ನೀರು ಕೆಟ್ಟರೂ ಜಠರದಿಂದಲೇ ಗಾಳಿ ಹೀರಿ ಬದುಕುತ್ತದೆ. ಅದನ್ನು ಊರ ಕೆರೆಗೆ ಬಿಡಬೇಡಿ. ಕೊಂಡ ಅಂಗಡಿಗೇ ವಾಪಸು ಒಯ್ಯಿರಿ. ಅವರು ಒಲ್ಲೆನೆಂದರೆ ದೊಡ್ಡ ತೊಟ್ಟಿಯುಳ್ಳ ಹವ್ಯಾಸಿಯೊಬ್ಬರನ್ನು ಹುಡುಕಿ ಕೊಡಿ.