ಪಿಕಪ್ಪಿನ ಕುಪ್ಪಳಿಕೆ

ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನೊಳಗೊಂಡ ‘ಕ್ಯಾಂಪರ್’ ಎಂಬ ಪುಟ್ಟ ಗೃಹವೊಂದನ್ನು ಪಿಕಪ್ ಟ್ರಕ್ಕಿನ ಬೆನ್ನಿಗೇರಿಸಿ ಅಮೆರಿಕದ ಉದ್ದಗಲಗಳನ್ನು ಸಂಚರಿಸುವ ಹವ್ಯಾಸಕ್ಕೆ ಸಾಹಿತ್ಯದ ಮುದ್ರೆಯೂ ಬಿದ್ದಿದೆ: ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತಮ್ಮ ನಾಯಿಯೊಡನೆ ದೇಶ ಸುತ್ತಿದ್ದು ಇಂಥದೇ ಒಂದು ಜಿ.ಎಂ.ಸಿ. ವಾಹನದಲ್ಲಿ, ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನು ಹೊತ್ತ ಆ ವಾಹನ ಇಂದಿಗೂ ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿ, ಅವರ ಸ್ಮಾರಕ ಸಂಗ್ರಹಾಲಯದಲ್ಲಿದೆ. ಆದರೆ ಅಲ್ಲಿಂದ ದಕ್ಷಿಣಕ್ಕೆ, ಲಾಸ್ ಏಂಜಲೀಸ್ ಸುತ್ತಿನ ಕಾಂಕ್ರೀಟ್ ಹೆದ್ದಾರಿಗಳಲ್ಲಿ, ಕ್ಯಾಂಪರ್ ಹೊತ್ತ ಪಿಕಪ್ಪನ್ನು ನಡೆಸಿದವರಿಗೆ ಮೊದಲು ನೆನಪಾಗುವುದು ಸಾಹಿತ್ಯವಲ್ಲ, ಸೊಂಟ.

ಕಾರಣ ಗೂಢವಾದುದೇನಲ್ಲ. ಹಳೆಯ ಹೆದ್ದಾರಿಗಳ ಕಾಂಕ್ರೀಟ್ ಹಾಸುಗಳು ಸುಮಾರು 15 ಅಡಿಗೊಂದರಂತೆ ಸಂಧಿಸುತ್ತವೆ. ಗಂಟೆಗೆ 60 ಮೈಲಿ ವೇಗದ ವಾಹನ ಸೆಕೆಂಡಿಗೆ 88 ಅಡಿ ಕ್ರಮಿಸುವುದರಿಂದ, ಅದರ ಚಕ್ರಗಳಿಗೆ ಸೆಕೆಂಡಿಗೆ ಆರರ ಆಸುಪಾಸಿನಲ್ಲಿ ಏಟು ಬೀಳುತ್ತದೆ. ಉದ್ದನೆಯ ಪಿಕಪ್ಪಿನ ಚಾಸಿಸ್ ತಾನೇ ಬಾಗಿ ಕಂಪಿಸುವ ಸಹಜಗತಿಯೂ ಇದಕ್ಕೆ ದೂರವಲ್ಲವಾಗಿ, ಏಟಿಗೆ ಏಟು ಕೂಡಿಕೊಂಡು ಇಡೀ ವಾಹನ ಕುಪ್ಪಳಿಸತೊಡಗುತ್ತದೆ.

ಇಂಥಲ್ಲಿ ಹವ್ಯಾಸಿಗಳು ಸಾಮಾನ್ಯವಾಗಿ ಕೈಹಾಕುವುದು ಸ್ಪ್ರಿಂಗುಗಳನ್ನು ಬಿಗಿಗೊಳಿಸುವ ಕಾರ್ಯಕ್ಕೆ. ನನ್ನ ಮತದಲ್ಲಿ ಅದು ಕಟ್ಟಕಡೆಗೆ ಮಾಡತಕ್ಕದ್ದು. ಸ್ಪ್ರಿಂಗು ಭಾರವನ್ನು ಹೊರುತ್ತದೆ, ಬಿದ್ದ ಏಟನ್ನು ಕ್ಷಣಕಾಲ ತನ್ನಲ್ಲಿಟ್ಟುಕೊಂಡು ಸಾಲ ತೀರಿಸುವವನ ಹಾಗೆ ಮರಳಿಸುತ್ತದೆ. ಆ ಶಕ್ತಿಯನ್ನು ಎಣ್ಣೆಯೊಳಗೆ ಉಷ್ಣವಾಗಿ ಪರಿವರ್ತಿಸಿ ನಿಜಕ್ಕೂ ಕಳೆಯುವುದು ಶಾಕ್ ಅಬ್ಸಾರ್ಬರ್. ಖಾಲಿ ಬಂಡಿಗೂ ತುಂಬಿದ ಬಂಡಿಗೂ ಸಲ್ಲಲೆಂದು ಕಾರ್ಖಾನೆಯವರು ಜೋಡಿಸಿದ ಶಾಕುಗಳು, ಟನ್ನಿಗೂ ಮಿಕ್ಕ ಕ್ಯಾಂಪರು ಮೇಲೆ ಕುಳಿತಾಗ, ಸ್ಪ್ರಿಂಗಿನ ಮರುನೆಗೆತವನ್ನು ಅಂಕೆಯಲ್ಲಿಡಲಾರವು. ಬಿಲ್‌ಸ್ಟೈನ್ ಸಂಸ್ಥೆಯ ಅನಿಲಭರಿತ ಶಾಕುಗಳನ್ನಾಗಲಿ, ಒಂಬತ್ತು ಹಂತಗಳಲ್ಲಿ ಬಿಗಿ ಬದಲಿಸಬಹುದಾದ ರ್‍ಯಾಂಚೊ 9000 ಮಾದರಿಯನ್ನಾಗಲಿ ಹಾಕಿಸಿದರೆ ಹಣಕ್ಕೆ ಮೋಸವಿಲ್ಲ; ಕ್ಯಾಂಪರನ್ನು ಇಳಿಸಿದಾಗ ಸಡಿಲಿಸಿಕೊಳ್ಳಬಹುದಾದ್ದರಿಂದ ಎರಡನೆಯದೇ ನನಗೆ ಹೆಚ್ಚು ಪ್ರಿಯ.

ಆದರೆ ಅದಕ್ಕೂ ಮುನ್ನ, ನೀರು, ಅನಿಲ, ಪಾತ್ರೆಪಡಗ, ಪ್ರಯಾಣಿಕರ ಸಮೇತ ವಾಹನವನ್ನು ಲಾರಿಗಳು ತಂಗುವ ನಿಲ್ದಾಣದ ತೂಕದ ಹಲಗೆಯ ಮೇಲೆ ನಿಲ್ಲಿಸಿ, ಮುಂದಿನ ಹಿಂದಿನ ಅಚ್ಚುಗಳ ಭಾರವನ್ನು ಬೇರೆಬೇರೆಯಾಗಿ ಅರಿಯದೆ ಯಾವ ಸಾಮಗ್ರಿಯನ್ನೂ ಕೊಳ್ಳಲಾಗದು. ಮೂವತ್ತು ಗ್ಯಾಲನ್ ನೀರೇ 113 ಕಿಲೋ ತೂಗುತ್ತದೆ. ಆ ತೊಟ್ಟಿ ಹಿಂದಿನ ಅಚ್ಚಿಗಿಂತ ಹಿಂದಕ್ಕಿದ್ದರೆ, ಅಷ್ಟು ಭಾರವೂ ಮುಂದಿನ ಚಕ್ರಗಳನ್ನು ಎತ್ತುವ ಸನ್ನೆಯಾಗುತ್ತದೆ. ತೂಕ ತಿಳಿದ ಮೇಲೆ ಟೈರು ತಯಾರಕರ ಕೋಷ್ಟಕವನ್ನು ನೋಡಿ ಗಾಳಿ ತುಂಬಿಸಬೇಕು. ಹಿಂದಿನ ‘ಇ’ ದರ್ಜೆಯ ಟೈರುಗಳು 80 ಪಿ.ಎಸ್.ಐ. ಬೇಡಿದವೆಂದು, ಅಷ್ಟು ಭಾರವಿಲ್ಲದ ಮುಂದಿನವುಗಳಿಗೂ ಅಷ್ಟೇ ತುಂಬಿಸುವುದು ಕಲ್ಲಿನ ಗಾಲಿಗಳ ಮೇಲೆ ಸವಾರಿ ಹೊರಡುವ ಹಟವೇ ಸರಿ.

ಹಿಂದಿನ ಸ್ಪ್ರಿಂಗುಗಳಿಗೆ ನೆರವಾಗಲೆಂದು ಜೋಡಿಸುವ ಏರ್ ಬ್ಯಾಗುಗಳ ವಿಷಯದಲ್ಲಿ ನನಗೆ ವಿರೋಧವಿಲ್ಲ, ಭ್ರಮೆಯೂ ಇಲ್ಲ. ಕುಸಿದ ಹಿಂಭಾಗವನ್ನು ಅವು ಸಮತಲಕ್ಕೆ ತರುತ್ತವೆ; ಅದಕ್ಕೆ ಬೇಕಾದಷ್ಟೇ ಗಾಳಿ ಸಾಕು, ಮಿಕ್ಕಿದ್ದು ಕುಲುಕಾಟವನ್ನು ಕೆರಳಿಸುತ್ತದೆ. ಎರಡು ಪಕ್ಕಗಳಿಗೂ ಬೇರೆಬೇರೆ ಗಾಳಿನಳಿಕೆ ಇರಲಿ. ಒಂದೇ ಆದರೆ ತಿರುವಿನಲ್ಲಿ ಅದುಮಿದ ಪಕ್ಕದ ಗಾಳಿ ಆಚೆ ಪಕ್ಕಕ್ಕೆ ಹರಿದು ವಾಲಾಟ ಹೆಚ್ಚುತ್ತದೆ.

ಇಷ್ಟಾದ ಮೇಲೂ ಕೆಲವು ಕಾಂಕ್ರೀಟ್ ಹಾಸುಗಳು ಚಾಸಿಸನ್ನು ಕುಣಿಸದೆ ಬಿಡವು. ಅಂಥ ಕಡೆ ವೇಗವನ್ನು ಐದು ಮೈಲಿ ಇಳಿಸಿ ನೋಡಿ. ಏಟಿನ ಗತಿ ತಪ್ಪುತ್ತದೆ. ಈ ಉಪಾಯಕ್ಕೆ ಕಾಸು ಖರ್ಚಿಲ್ಲವಾದ್ದರಿಂದ ಅಂಗಡಿಗೆ ಹೋಗುವ ಮೊದಲೇ ಅದನ್ನು ಪರೀಕ್ಷಿಸುವುದು ಲೇಸು.